ಭರತ-ಇಳಿತ ನೋಡಿಕೊಂಡು ಹಕ್ಕಿ ನೋಡಿದ ಒಂದು ವಾರ

ಕರಾವಳಿಯ ಹಕ್ಕಿ ನೋಡಲು ಜನ ಸಾಮಾನ್ಯವಾಗಿ ಡಿಸೆಂಬರ್ ರಜೆಯಲ್ಲಿ ಹೊರಡುತ್ತಾರೆ. ನಾನು ಫೆಬ್ರವರಿಗೆ ಕಾಯುತ್ತೇನೆ. ವಲಸೆ ಬಂದವು ಆಗಿನ್ನೂ ಇಲ್ಲೇ ಇರುತ್ತವೆ. ಆದರೆ ವಾಪಸ್ ಹೊರಡುವ ತಯಾರಿ ಶುರುವಾಗಿರುತ್ತದೆ. ಚಳಿಗಾಲವಿಡೀ ಬೂದು ಬೂದಾಗಿದ್ದ ಹಕ್ಕಿಗಳಲ್ಲಿ ಅಲ್ಲೊಂದು ಇಲ್ಲೊಂದು ಬಣ್ಣ ಏರಿಸಿಕೊಳ್ಳುತ್ತದೆ. ಕಡಲಕ್ಕಿಗಳ (ಗಲ್) ತಲೆ ಕಪ್ಪಾಗಲು ಶುರುವಾಗುತ್ತದೆ. ಸಮುದ್ರ ಶಾಂತ. ಬೆಳಿಗ್ಗೆ ಇನ್ನೂ ತಂಪು. ಮಾರ್ಚ್ ಮುಗಿಯುತ್ತಾ ಬಂದರೆ ಸೆಕೆ ತಡೆಯಲಾಗುವುದಿಲ್ಲ, ಹಕ್ಕಿಗಳೂ ಖಾಲಿಯಾಗುತ್ತಾ ಹೋಗುತ್ತವೆ.

ನಾನು ಶಿರಸಿಯವಳು. ಕಾಡುಹಕ್ಕಿ ನೋಡುತ್ತಾ ಬೆಳೆದವಳು. ಕಾಡಿನಲ್ಲಿ ಲೆಕ್ಕ ಸುಲಭ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿದ್ದರೆ ಆಯಿತು. ಕರಾವಳಿಯಲ್ಲಿ ಹಕ್ಕಿಯ ದಿನಚರಿ ನಡೆಯುವುದು ನೀರಿನ ಪ್ರಕಾರ. ನೀರು ಇಳಿದಾಗ ಊಟ, ನೀರು ಏರಿದಾಗ ನಿದ್ದೆ, ರಾತ್ರಿಯಾದರೂ ಅಷ್ಟೇ. ಹಾಗಾಗಿ ಈ ಸಲದ ವಾರವನ್ನು ಊರುಗಳ ಪಟ್ಟಿ ಹಿಡಿದು ಯೋಜಿಸಲಿಲ್ಲ. ಮೊದಲು ಹುಣ್ಣಿಮೆ ಯಾವತ್ತು ಅಂತ ನೋಡಿದೆ. ಅದು ವಾರದ ಮಧ್ಯಕ್ಕೆ ಬರುವ ಹಾಗೆ ರಜೆ ಹಾಕಿದೆ. ಊರುಗಳು ಆಮೇಲೆ ತಾನಾಗಿ ಕೂತುಕೊಂಡವು.

ಲೆಕ್ಕ ಹೀಗೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಆ ದಿನಗಳಲ್ಲಿ ಉತ್ತರ ಕನ್ನಡದ ಕಡೆ ಬೆಳಗಿನ ಜಾವ ನೀರು ಪೂರ್ತಿ ಇಳಿದು, ಹನ್ನೊಂದರ ಸುಮಾರಿಗೆ ತುಂಬುತ್ತದೆ. ಅಂದರೆ ಬೆಳಕು ಹರಿಯುವಾಗ ಕೆಸರು ಬಯಲು ತೆರೆದುಕೊಂಡಿರುತ್ತದೆ. ಬಿಸಿಲು ಏರುತ್ತಾ ಹೋದ ಹಾಗೆ ನೀರು ಹಕ್ಕಿಗಳನ್ನು ನಮ್ಮ ಕಡೆಗೆ ತಳ್ಳಿಕೊಂಡು ಬರುತ್ತದೆ. ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗ, ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹುಣ್ಣಿಮೆಗೆ ಮೂರು ದಿನ ಮೊದಲು ಹೋದರೆ ಬೆಳಿಗ್ಗೆ ಎಂಟೂವರೆಗೇ ನೀರು ತುಂಬಿರುತ್ತದೆ. ಆಗ ಕೆಸರು ಹುಡುಕಿಕೊಂಡು ಹೋಗಿ ಪ್ರಯೋಜನವಿಲ್ಲ. ಬಂದರು, ಮರಳು ದಿಣ್ಣೆ ನೋಡಬೇಕು. ಅದಕ್ಕೇ ಮಲ್ಪೆಯಿಂದ ಶುರು ಮಾಡಿ ಕುಂದಾಪುರ, ಹೊನ್ನಾವರ ದಾಟಿ, ಹುಣ್ಣಿಮೆ ಹೊತ್ತಿಗೆ ಅಘನಾಶಿನಿ ತಲುಪಿ, ಕೊನೆಗೆ ಕಾರವಾರ ಅಂತ ಇಟ್ಟುಕೊಂಡೆ. ಭರತ-ಇಳಿತದ ಹೊತ್ತು ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಅದು ಬಂದರಿನ ಹೊತ್ತು. ಅಳಿವೆಯ ಒಳಗೆ ಹೋದಷ್ಟೂ ನೀರು ತಡವಾಗಿ ತಿರುಗುತ್ತದೆ. ಅದನ್ನು ದೋಣಿಯವರ ಹತ್ತಿರ ಕೇಳಿ ತಿಳಿದುಕೊಳ್ಳುವುದೇ ಒಳ್ಳೆಯದು.

ಸಾಮಾನು ಜಾಸ್ತಿ ಬೇಡ. 8x42 ದುರ್ಬೀನು ನನ್ನದೇ ಇದೆ. ಟ್ರೈಪಾಡ್ ಮೇಲೆ ನಿಲ್ಲಿಸುವ ಸ್ಪಾಟಿಂಗ್ ಸ್ಕೋಪನ್ನು ಗೆಳತಿಯಿಂದ ತಂದಿದ್ದೆ. ಕಾಡಿನಲ್ಲಿ ಸ್ಕೋಪ್ ಇಲ್ಲದೆ ನಡೆಯುತ್ತದೆ. ಅಳಿವೆಯಲ್ಲಿ ಹಕ್ಕಿ ಕಾಲು ಕಿಲೋಮೀಟರ್ ದೂರ ಇರುತ್ತದೆ, ಹತ್ತಿರ ಹೋಗಲು ದಾರಿ ಇಲ್ಲ, ಹೋಗಲೂಬಾರದು. ಒಂದು ಟೊಪ್ಪಿ, ನೀರು, ಕೂರಲು ಹಳೇ ಚೀಲ. ಅಷ್ಟು ಸಾಕು.

ಮಲ್ಪೆ ಬಂದರಿಗೆ ಬೆಳಿಗ್ಗೆ ಬೇಗ ಹೋಗಬೇಕು. ಟ್ರಾಲ್ ಬೋಟುಗಳಿಂದ ಮೀನು ಇಳಿಸುವ ಹೊತ್ತು. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಖಾಲಿ ಹೊಡೆಯುವ ಆ ದಕ್ಕೆ ಫೆಬ್ರವರಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತುಂಬಿರುತ್ತದೆ. ಮೇಲೆ ಗರುಡಗಳು, ಹದ್ದುಗಳು ಸುತ್ತು ಹಾಕುತ್ತಿರುತ್ತವೆ. ನೀರಿನಲ್ಲಿ ಕಡಲಕ್ಕಿಗಳು. ಮಾಮೂಲಿಯಾಗಿ ಸಿಗುವ ಎರಡು ಜಾತಿಯನ್ನು ಬೇರೆ ಮಾಡಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಹಕ್ಕಿಗಳು ಜನರಿಗೆ ಹೆದರುವುದಿಲ್ಲ, ಹತ್ತು ಮಾರು ದೂರದಲ್ಲೇ ತೇಲುತ್ತಿರುತ್ತವೆ. ಬ್ರೌನ್ ಹೆಡೆಡ್ ಗಲ್‌ನ ಕಣ್ಣು ತಿಳಿ ಬಣ್ಣದ್ದು. ರೆಕ್ಕೆಯ ತುದಿ ಕಪ್ಪು, ಅದರ ನಡುವೆ ಬಿಳಿ ಚುಕ್ಕೆ. ಬ್ಲ್ಯಾಕ್ ಹೆಡೆಡ್ ಗಲ್‌ನ ಕಣ್ಣು ಕಪ್ಪು. ಹಾರುವಾಗ ರೆಕ್ಕೆಯ ಮುಂದಿನ ಅಂಚಿನಲ್ಲಿ ಉದ್ದಕ್ಕೆ ಬಿಳಿ ಪಟ್ಟೆ.

ಒಂದು ಬ್ರೌನ್ ಹೆಡೆಡ್ ಗಲ್ ಐಸು ತುಂಬುವ ಬೋಟಿನ ಹಗ್ಗದ ಮೇಲೆ ಕೂತಿತ್ತು. ದುರ್ಬೀನಿನ ತುಂಬಾ ಅದರ ತಲೆ. ಕೊಕ್ಕಿನ ಬುಡದಿಂದ ಕಣ್ಣಿನವರೆಗೆ ಕಂದು ಗರಿ ಬಂದಾಗಿತ್ತು. ಕೆನ್ನೆಯ ಮೇಲೆ ಬಿಳಿ, ಕಂದು ಕಲೆಸಿ ಹೋಗಿತ್ತು. ನೆತ್ತಿ ಇನ್ನೂ ಪೂರ್ತಿ ಬಿಳಿ. ಕಣ್ಣಿನ ಸುತ್ತ ಕೆಂಪು ಉಂಗುರ ಎದ್ದು ಕಾಣುತ್ತಿತ್ತು. ಲಡಾಖ್, ಟಿಬೆಟ್‌ನ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಹಕ್ಕಿ ಇದು. ಅಲ್ಲಿಗೆ ಬೇಕಾದ ವೇಷವನ್ನು ಮಲ್ಪೆಯ ಬಂದರಿನಲ್ಲಿ, ಬಂಗುಡೆಯ ವಾಸನೆಯ ನಡುವೆ ಹಾಕಿಕೊಳ್ಳುತ್ತಿತ್ತು. ಇದನ್ನು ನೋಡುವುದಕ್ಕೇ ನಾನು ಫೆಬ್ರವರಿಗೆ ಕಾಯುವುದು. ಪಲಾಸಸ್ ಗಲ್ ಇನ್ನೂ ಮುಂದೆ. ಅದರ ತಲೆ ಆಗಲೇ ಕಡು ಕಪ್ಪಾಗಿರುತ್ತದೆ. ಗಾತ್ರವೂ ಬಹಳ ದೊಡ್ಡದು, ಉಳಿದವುಗಳ ನಡುವೆ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ದೊಡ್ಡ ಜಾತಿಯ ಉಳಿದ ಗಲ್‌ಗಳನ್ನು, ಅದರಲ್ಲೂ ಮರಿಗಳನ್ನು, ಗುರುತಿಸಲು ಹೊರಟರೆ ದಿನ ಸಾಲದು. ಫೋಟೋ ತೆಗೆದುಕೊಂಡು ಮುಂದೆ ಹೋದೆ.

ಕುಂದಾಪುರದ ಕೋಡಿಗೆ ಹೋದಾಗ ನೀರು ತುಂಬುತ್ತಿತ್ತು. ಪಂಚಗಂಗಾವಳಿಯ ಅಳಿವೆಯ ಪಕ್ಕ, ಅಲೆ ತಲುಪದ ಒಣ ಮರಳಿನ ಮೇಲೆ ಸ್ಯಾಂಡ್ ಪ್ಲವರ್ ಅನ್ನುವ ಸಣ್ಣ ದಂಡೆಹಕ್ಕಿಗಳ ಗುಂಪು ಗಾಳಿಗೆ ಮುಖ ಮಾಡಿ ಕೂತಿತ್ತು. ಮರಳಿನ ಬಣ್ಣವೇ ಮೈ ಬಣ್ಣ. ಮೊದಲು ಐದಾರು ಕಂಡವು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ದಿಣ್ಣೆಯ ಪ್ರತಿ ಹೆಜ್ಜೆಗುರುತಿನ ಗುಂಡಿಯಲ್ಲೂ ಒಂದೊಂದು! ಸಣ್ಣವು ಟಿಬೆಟನ್ ಸ್ಯಾಂಡ್ ಪ್ಲವರ್. ಲೆಸ್ಸರ್ ಸ್ಯಾಂಡ್ ಪ್ಲವರ್ ಅಂತ ನಾವು ಬರೆಯುತ್ತಿದ್ದದ್ದು ಇದನ್ನೇ. ಉದ್ದ ಕೊಕ್ಕು, ಸ್ವಲ್ಪ ಉದ್ದ ಕಾಲು, ಕಾಲಿಗೆ ಹಸಿರು-ಹಳದಿ ಛಾಯೆ ಇದ್ದರೆ ಗ್ರೇಟರ್. ಕತ್ತಿನ ಹಿಂದೆ ಬಿಳಿ ಪಟ್ಟಿ ಸುತ್ತು ಬಂದಿದ್ದರೆ ಕೆಂಟಿಶ್ ಪ್ಲವರ್. ನೀರಿನ ಅಂಚಿನಲ್ಲಿ ಸ್ಯಾಂಡರ್ಲಿಂಗ್‌ಗಳು ಅಲೆಯ ಜೊತೆಗೇ ಓಡುತ್ತಿದ್ದವು. ಅಲೆ ಹಿಂದೆ ಹೋದ ತಕ್ಷಣ ಮರಳಿಗೆ ಕೊಕ್ಕು ಚುಚ್ಚುವುದು, ಮುಂದಿನ ಅಲೆ ಬರುವಷ್ಟರಲ್ಲಿ ಮೇಲಕ್ಕೆ ಓಟ. ಆರ್ಕ್‌ಟಿಕ್‌ನಲ್ಲಿ ಮರಿ ಮಾಡುವ ಹಕ್ಕಿ.

ಕೂತ ಹಕ್ಕಿಗಳು ಸುಮ್ನೆ ಕೂತಿಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಸಾವಿರಾರು ಕಿಲೋಮೀಟರ್ ಹಾರಲು ಬೇಕಾದ ಕೊಬ್ಬನ್ನು ಅವು ಈಗ ಕೂಡಿಸಿಕೊಳ್ಳುತ್ತಿರುತ್ತವೆ. ಕೆಲವು ಜಾತಿಗಳು ಹೊರಡುವ ಹೊತ್ತಿಗೆ ಮಾಮೂಲಿ ತೂಕದ ಒಂದೂವರೆ ಪಟ್ಟು ಆಗುತ್ತವೆ, ಅದಕ್ಕೂ ಜಾಸ್ತಿ ಆಗುವವೂ ಇವೆ. ಭರತದ ಹೊತ್ತಿನ ವಿಶ್ರಾಂತಿಯಲ್ಲಿ ಒಂದು ಸಲ ಎಬ್ಬಿಸಿದರೆ ಕೂಡಿಟ್ಟದ್ದರಲ್ಲಿ ಒಂದು ಪಾಲು ಖರ್ಚಾಯಿತು. ಬೈಕ್ ಒಂದು ಮರಳಿನ ಮೇಲೇ ಬಂತು, ಇಡೀ ಗುಂಪು ಎದ್ದಿತು. ಸುತ್ತು ಹಾಕಿ ಕೂತಿತು. ಐದು ನಿಮಿಷಕ್ಕೆ ನಾಯಿಗಳು ಬಂದವು, ಮತ್ತೆ ಎದ್ದಿತು. ಫೋಟೋಗೋಸ್ಕರ ನಾವೂ ಇದನ್ನೇ ಮಾಡಿದರೆ ಅವಕ್ಕೆ ವ್ಯತ್ಯಾಸವೇನೂ ತಿಳಿಯುವುದಿಲ್ಲ. ಹತ್ತಿರ ಹೋಗುವಾಗ ನೋಡಬೇಕಾದ ಗುರುತು ಸುಲಭ. ರೆಕ್ಕೆಯೊಳಗೆ ಕೊಕ್ಕು ಇಟ್ಟವು ತಲೆ ಹೊರಗೆ ತೆಗೆದರೆ, ಒಂಟಿ ಕಾಲಿನಲ್ಲಿ ನಿಂತವು ಎರಡೂ ಕಾಲು ಊರಿದರೆ, ಅಲ್ಲೇ ನಿಲ್ಲಬೇಕು. ಕತ್ತು ಚಾಚಿದರೆ ಹಿಂದೆ ಬರಬೇಕು.

ಅಲ್ಲೇ ಕ್ರಿಕೆಟ್ ಆಡುತ್ತಿದ್ದ ಹುಡುಗರು ಸ್ಕೋಪ್ ನೋಡಿ ಹತ್ತಿರ ಬಂದರು. ಒಬ್ಬ ಕೇಳಿದ, "ಅಕ್ಕ, ನಂಗೂ ಒಂಚೂರ್ ಕಾಣ್ಕ್." ಸಾಲಾಗಿ ಕೂರಿಸಿ ಒಬ್ಬೊಬ್ಬರಿಗೇ ತೋರಿಸಿದೆ. ಈ ಹಕ್ಕಿ ಟಿಬೆಟಿನಿಂದ ಬಂದದ್ದು, ಇನ್ನೆರಡು ತಿಂಗಳಲ್ಲಿ ಹಿಮಾಲಯ ದಾಟಿ ವಾಪಸ್ ಹೋಗುತ್ತದೆ ಅಂದಾಗ ಒಬ್ಬ ಎರಡನೇ ಸಲ ಸಾಲಿಗೆ ಬಂದು ನಿಂತ. ಆಮೇಲೆ ನಾಯಿ ಓಡಿಸುವ ಕೆಲಸ ಅವರೇ ವಹಿಸಿಕೊಂಡರು.

ಹೊನ್ನಾವರದಲ್ಲಿ ಶರಾವತಿಯ ಅಳಿವೆ. ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಾದಿ ಮಾಡಿದ್ದಾರೆ. ಅಲ್ಲಿ ಬೆಳಿಗ್ಗೆ ಕಪ್ಪು ತಲೆಯ ಮಿಂಚುಳ್ಳಿ ಸಿಕ್ಕಿತು. ಕಡು ನೀಲಿ ಬೆನ್ನು, ಕಪ್ಪು ಟೊಪ್ಪಿ, ಕೆಂಪು ಕೊಕ್ಕು. ಕಾಂಡ್ಲಾ ಬೇರಿನ ಮೇಲೆ ಕೂತು ಏಡಿಗೆ ಕಾಯುತ್ತಿತ್ತು. ಪಕ್ಕದಲ್ಲೇ ಕುಳ್ಳಗೆ ಕುಗ್ಗಿ ಕೂತ ಸ್ಟ್ರೈಯೇಟೆಡ್ ಹೆರಾನ್. ಚೆನ್ನಾದ ಬೆಳಗು. ಆದರೆ ಕೆಸರಿನ ಮೇಲೆ ನಡೆದು ತಿನ್ನುವ ಹಕ್ಕಿ ಕಡಿಮೆ. ಶರಾವತಿಯಲ್ಲಿ ವಿದ್ಯುತ್ ತಯಾರಿಸಿದ ಮೇಲೆ ಬಿಡುವ ಸಿಹಿನೀರು ವರ್ಷವಿಡೀ ಹರಿದು ಬರುತ್ತದೆ. ಅಳಿವೆಯಲ್ಲಿ ಉಪ್ಪು ತಗ್ಗುತ್ತದೆ. ಉಪ್ಪು ಬೇಕಾದ ಬಳಚು (ಕೆಸರಿನ ಚಿಪ್ಪುಜೀವಿ) ತಗ್ಗುತ್ತದೆ. ಒಂದು ಕಾಲಕ್ಕೆ ಇಲ್ಲಿ ಬಳಚು ತೆಗೆದು ಬದುಕುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತು.

ಈಗ ಅಘನಾಶಿನಿ. ವಾರದಲ್ಲಿ ಜಾಸ್ತಿ ಹೊತ್ತು ಕಳೆದದ್ದು ಇಲ್ಲೇ. ಬರೆಯುವುದೂ ಇಲ್ಲಿಯದ್ದೇ ಜಾಸ್ತಿ. ನಮ್ಮ ಶಿರಸಿಯ ಶಂಕರಹೊಂಡದಲ್ಲಿ, ಹತ್ತಿರದ ಮಂಜುಗುಣಿಯಲ್ಲಿ ಹುಟ್ಟುವ ಹೊಳೆ ಇದು. ಉಂಚಳ್ಳಿಯಲ್ಲಿ ಧುಮುಕಿ ಕುಮಟಾ ತಾಲೂಕಿಗೆ ಬಂದು ಸಮುದ್ರ ಸೇರುತ್ತದೆ. ದಾರಿಯಲ್ಲಿ ಎಲ್ಲೂ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಘಟ್ಟದ ಮಣ್ಣು, ಎಲೆಗೊಬ್ಬರ ಎಲ್ಲ ಇಳಿದು ಬರುತ್ತದೆ. ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತದೆ. ಆ ಏರುಪೇರಿನಲ್ಲೇ ಬಳಚು, ಏಡಿ, ಕೆಸರಿನ ಹುಳ ಹುಲುಸಾಗಿ ಬೆಳೆಯುತ್ತವೆ. 2024ರ ಜನವರಿ ಕೊನೆಗೆ ಅಂಕಸಮುದ್ರ, ಮಾಗಡಿ ಕೆರೆ ಜೊತೆ ಅಘನಾಶಿನಿ ಅಳಿವೆಯನ್ನೂ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅಂತ ಘೋಷಿಸಿದರು. 4,801 ಹೆಕ್ಟೇರ್. ಶಿರಸಿಯಲ್ಲಿ ಕೂತು ಆ ಸುದ್ದಿ ಓದಿದ ದಿನದ ಖುಷಿ ಇವತ್ತಿಗೂ ನೆನಪಿದೆ.

ಕಾಗಾಲ, ಮಾಸೂರು ಕಡೆಯ ಗಜನಿ ಗದ್ದೆಗಳ ಕಟ್ಟೆ ಮೇಲೆ ಕೂತರೆ ಅಳಿವೆ ಕಾಣುತ್ತದೆ. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ, ಆಮೇಲೆ ಸಿಗಡಿಗೆ ನೀರು ಬಿಡುವ ಗದ್ದೆಗಳು ಇವು. ಕೂರುವ ಜಾಗ ಆರಿಸುವಾಗ ಒಂದೇ ನಿಯಮ: ಸೂರ್ಯ ಬೆನ್ನಿಗಿರಬೇಕು. ಎದುರು ಬಿಸಿಲಿದ್ದರೆ ಎಲ್ಲಾ ಹಕ್ಕಿಯೂ ಕಪ್ಪು. ಸಮುದ್ರ ದಂಡೆಯಲ್ಲಿ ಬೆಳಿಗ್ಗೆ ಈ ತೊಂದರೆ ಇಲ್ಲ, ನಮ್ಮದು ಪಶ್ಚಿಮದ ಕಡಲು. ಸಂಜೆ ಉಲ್ಟಾ. ಇನ್ನೊಂದು, ಒಂಬತ್ತೂವರೆ ಆದ ಮೇಲೆ ಕೆಸರಿನ ಮೇಲೆ ಬಿಸಿಗಾಳಿ ಕುಣಿಯಲು ಶುರುವಾಗುತ್ತದೆ. ಸ್ಕೋಪ್‌ನಲ್ಲಿ ಹಕ್ಕಿ ನೀರಿನೊಳಗೆ ಇದ್ದ ಹಾಗೆ ಅಲುಗಾಡುತ್ತದೆ. ಅಷ್ಟರೊಳಗೆ ದೂರದ್ದನ್ನು ನೋಡಿ ಮುಗಿಸಿರಬೇಕು. ಆಮೇಲೆ ಹತ್ತಿರಕ್ಕೆ ಬಂದವು ಮಾತ್ರ.

ಬೆಳಕು ಬರುವಾಗ ಬಯಲು ಖಾಲಿ ಕಂಡಿತು. ಬಳಚು ತೆಗೆಯುವ ಹೆಂಗಸರು ದೂರದಲ್ಲಿ ಬಗ್ಗಿ ಕೆಸರು ಕೆದಕುತ್ತಿದ್ದರು. ಅವರ ಆಚೆ ಚುಕ್ಕೆ ಚುಕ್ಕೆಯಾಗಿ ಕಂಡದ್ದೆಲ್ಲಾ ಹಕ್ಕಿ. ಯೂರೇಶಿಯನ್ ಕರ್ಲ್ಯೂ, ಉದ್ದ ಬಾಗಿದ ಕೊಕ್ಕಿನದು. ತಲೆ ಮೇಲೆ ಪಟ್ಟೆ ಇರುವ, ಕೊಕ್ಕು ಗಿಡ್ಡ ಇರುವ ವಿಂಬ್ರೆಲ್. ಗ್ರೇ ಪ್ಲವರ್ ಹಾರಿದಾಗ ಕಂಕುಳಲ್ಲಿ ಕಪ್ಪು ಕಂಡಿತು, ಗೋಲ್ಡನ್ ಪ್ಲವರ್‌ಗೆ ಅದು ಇರುವುದಿಲ್ಲ. ಕಾಲು ಕೆಂಪಗಿದ್ದ ರೆಡ್‌ಶ್ಯಾಂಕ್‌ಗಳು ಎಲ್ಲರಿಗಿಂತ ಮೊದಲು ಕೂಗಿ ಎಚ್ಚರಿಸುವುವು.

ಎಂಟು ಗಂಟೆ ಹೊತ್ತಿಗೆ ನೀರು ಏರುತ್ತಾ ಬಂತು. ಹೆಂಗಸರು ಬುಟ್ಟಿ ಹೊತ್ತು ಕಟ್ಟೆಗೆ ಬಂದರು. ಒಬ್ಬರು ನನ್ನ ಪಕ್ಕ ಬುಟ್ಟಿ ಇಳಿಸಿ ಕೇಳಿದರು, "ಎಂತ ಕಾಣ್ತದೆ ತಂಗಿ ಅದ್ರಲ್ಲಿ?" "ನೋಡಿ ಅಕ್ಕ" ಅಂತ ಸ್ಕೋಪ್ ಬಿಟ್ಟುಕೊಟ್ಟೆ. ಕರ್ಲ್ಯೂ ಒಂದು ಏಡಿ ಹಿಡಿದಿತ್ತು. ಕೊಕ್ಕಿನ ತುದಿಯಲ್ಲಿ ಹಿಡಿದು ಒದರಿತು, ಒಂದು ಕಾಲು ಬಿತ್ತು. ಕೆಳಗಿಟ್ಟು ಮತ್ತೆ ಎತ್ತಿ ಒದರಿತು, ಇನ್ನೊಂದು ಬಿತ್ತು. ಕೊಂಡಿಯೂ ಕಳಚಿದ ಮೇಲೆ ಬರೀ ಮೈಯನ್ನು ಕೊಕ್ಕಿನುದ್ದಕ್ಕೆ ಜಾರಿಸಿಕೊಂಡು ನುಂಗಿತು. ಅಕ್ಕ ಕಣ್ಣು ತೆಗೆಯದೆ ಪೂರ್ತಿ ನೋಡಿದರು. "ನಾವೂ ಕೊಂಡಿ ಮುರ್ದೇ ಬುಟ್ಟಿಗೆ ಹಾಕ್ತೇವೆ" ಅಂದರು. ಆಮೇಲೆ ಬಲಗಡೆ ಇದ್ದ ಒಂದು ಸಣ್ಣ ದಿಣ್ಣೆ ತೋರಿಸಿ, "ಇಲ್ಲಿ ಕೂತು ಎಂತ ಮಾಡ್ತಿ? ಇನ್ನರ್ಧ ತಾಸಿಗೆ ಎಲ್ಲಾ ಅಲ್ಲಿಗೇ ಬರ್ತವೆ. ಅದು ಕಡೆಗೆ ಮುಳುಗೂದು" ಅಂದರು.

ಹೇಳಿದ ಹಾಗೇ ಆಯಿತು. ಜಾಗ ಬದಲಿಸಿ, ಕಟ್ಟೆಯ ಕಾಂಡ್ಲಾ ಗಿಡದ ಮರೆಯಲ್ಲಿ ಕೂತೆ. ನೀರು ಬಯಲನ್ನು ನುಂಗುತ್ತಾ ಬಂದ ಹಾಗೆ ಹಕ್ಕಿಗಳು ನಡೆದುಕೊಂಡೇ ಬಂದವು. ಮೊದಲು ಸಣ್ಣ ಕಾಲಿನವು, ಅವಕ್ಕೆ ನೀರು ಬೇಗ ಆಳವಾಗುತ್ತದಲ್ವಾ. ಲಿಟಲ್ ಸ್ಟಿಂಟ್, ಸ್ಯಾಂಡ್ ಪ್ಲವರ್, ಆಮೇಲೆ ಟೆರೆಕ್ ಸ್ಯಾಂಡ್‌ಪೈಪರ್. ಟೆರೆಕ್ ನನಗೆ ಬಹಳ ಇಷ್ಟದ ಹಕ್ಕಿ. ಗಿಡ್ಡ ಕಿತ್ತಳೆ ಕಾಲು, ಮೇಲಕ್ಕೆ ಬಾಗಿದ ಉದ್ದ ಕೊಕ್ಕು. ಉಳಿದವು ನಿಧಾನ ಹೆಕ್ಕುತ್ತಿದ್ದರೆ ಇದು ಮೈ ತಗ್ಗಿಸಿ ಏಡಿಯ ಹಿಂದೆ ಓಡುತ್ತದೆ, ಥಟ್ಟನೆ ದಿಕ್ಕು ಬದಲಿಸುತ್ತದೆ. ಕೊನೆಗೆ ಕರ್ಲ್ಯೂಗಳು ಹೊಟ್ಟೆಯವರೆಗೆ ನೀರಿದ್ದರೂ ಅವಸರವಿಲ್ಲದೆ ಬಂದವು. ದಿಣ್ಣೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಸ್ಕೋಪ್ ಬೇಡ, ದುರ್ಬೀನೇ ಸಾಕಾಗುತ್ತಿತ್ತು. ಹಕ್ಕಿಯ ಹಿಂದೆ ನಡೆದು ಹೋಗಿದ್ದರೆ ಇದರಲ್ಲಿ ಕಾಲು ಭಾಗವೂ ಸಿಗುತ್ತಿರಲಿಲ್ಲ.

ದಿಣ್ಣೆ ಮುಳುಗಿದ ಮೇಲೆ ಇವೆಲ್ಲ ಎಲ್ಲಿಗೆ ಹೋಗುತ್ತವೆ? ಒಂದಷ್ಟು ಗಜನಿ ಗದ್ದೆಗೆ. ಒಂದಷ್ಟು ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ. ಮರುದಿನ ಭರತದ ಹೊತ್ತಿಗೆ ಸರಿಯಾಗಿ ಆಗರದ ಬದಿಯ ರಸ್ತೆಯಲ್ಲಿ ನಿಂತೆ. ಫೆಬ್ರವರಿಯಲ್ಲಿ ಉಪ್ಪು ಮಾಡುವ ಕೆಲಸ ನಡೆದಿರುತ್ತದೆ. ಚೌಕ ಚೌಕ ಕಟ್ಟೆಗಳ ನಡುವೆ ಬೆರಳುದ್ದ ನೀರು. ಅದರಲ್ಲಿ ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿಗಳು, ತೆಳ್ಳಗಿನ ಮಾರ್ಶ್ ಸ್ಯಾಂಡ್‌ಪೈಪರ್, ಕಟ್ಟೆಯ ಮೇಲೆ ಸಾಲಾಗಿ ನಿದ್ದೆ ಮಾಡುವ ರೆಡ್‌ಶ್ಯಾಂಕ್. ಕೆಸರು ಬಯಲು ಊಟದ ಮನೆ ಆದರೆ ಆಗರ, ಗಜನಿಗಳು ಮಲಗುವ ಕೋಣೆ. ಒಂದನ್ನು ಉಳಿಸಿ ಇನ್ನೊಂದನ್ನು ಬಿಟ್ಟರೆ ನಡೆಯುವುದಿಲ್ಲ. ಅಳಿವೆ ಉಳಿಸುವ ಮಾತು ಬಂದಾಗ ಉಪ್ಪು ಮಾಡುವವರ, ಕಗ್ಗ ಬೆಳೆಯುವವರ ಕೆಲಸವನ್ನೂ ಸೇರಿಸಿ ಮಾತಾಡಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆ ರಸ್ತೆಯಲ್ಲಿ ನಿಂತಾಗ.

ತದಡಿಯ ಬಂದರಿನಲ್ಲಿ ಸಂಜೆ ಕಂಡದ್ದು ಎರಡು ರೀಫ್ ಹೆರಾನ್. ಒಂದು ಕಡು ಬೂದು, ಒಂದು ಪೂರ್ತಿ ಬಿಳಿ, ಜಾತಿ ಒಂದೇ. ಬಿಳಿಯದನ್ನು ಬೆಳ್ಳಕ್ಕಿ ಅಂದುಕೊಂಡು ಬಿಡುವ ಸಾಧ್ಯತೆ ಜಾಸ್ತಿ. ದಪ್ಪ, ಮಂಕು ಹಳದಿ ಕೊಕ್ಕು ನೋಡಿ ಖಚಿತ ಮಾಡಿಕೊಳ್ಳಬೇಕು.

ಕಾರವಾರಕ್ಕೆ ಬರುವಷ್ಟರಲ್ಲಿ ಹುಣ್ಣಿಮೆ ಕಳೆದಿತ್ತು. ಇಳಿತ ಬೆಳಿಗ್ಗೆ ಏಳೂವರೆ ಸುಮಾರಿಗೆ. ಕಾಳಿ ನದಿಯ ಅಳಿವೆಯಲ್ಲಿ ಮರಳು ಪಟ್ಟಿ ಮೇಲೆದ್ದಿತ್ತು, ಅದರ ಮೇಲೆ ರೀವಗಳು (ಟರ್ನ್). ರೀವ ಗುರುತಿಸಲು ಕೊಕ್ಕು ನೋಡಿದರೆ ಅರ್ಧ ಕೆಲಸ ಮುಗಿಯಿತು. ಕಿತ್ತಳೆ ಆದರೆ ಲೆಸ್ಸರ್ ಕ್ರೆಸ್ಟೆಡ್. ಹಳದಿ, ಮೈ ದೊಡ್ಡದು, ಗ್ರೇಟರ್ ಕ್ರೆಸ್ಟೆಡ್. ದಪ್ಪ ಕಪ್ಪು, ಗಲ್ ಬಿಲ್ಡ್. ಕ್ಯಾರಟ್ಟಿನಷ್ಟು ದೊಡ್ಡ ಕೆಂಪು, ಕ್ಯಾಸ್ಪಿಯನ್. ಕಪ್ಪು ಕೊಕ್ಕಿಗೆ ಹಳದಿ ತುದಿ ಇದ್ದರೆ ಸ್ಯಾಂಡ್‌ವಿಚ್. ಐದೂ ಒಂದೇ ಪಟ್ಟಿಯ ಮೇಲೆ ಸಿಕ್ಕಿದವು. ಎಲ್ಲವೂ ಒಮ್ಮೆಲೇ ಎದ್ದಾಗ ಮೇಲೆ ನೋಡಿದರೆ ಬಿಳಿ ಹೊಟ್ಟೆಯ ಕಡಲ ಹದ್ದು. ಅಗಲ ರೆಕ್ಕೆ ಮೇಲಕ್ಕೆ ಎತ್ತಿ ಹಿಡಿದು, ಬೀಸದೆ ತೇಲಿಕೊಂಡು ದೇವಬಾಗದ ಗಾಳಿ ಮರಗಳ ಕಡೆ ಹೋಯಿತು. ಈ ಹದ್ದುಗಳು ಎತ್ತರದ ಮರದಲ್ಲಿ ಕಟ್ಟಿದ ಗೂಡನ್ನೇ ವರ್ಷ ವರ್ಷ ಕಡ್ಡಿ ಸೇರಿಸಿ ಬಳಸುತ್ತವೆ. ಗೂಡಿನ ಜಾಗ ಗೊತ್ತಾದರೂ ಯಾರಿಗೂ ಹೇಳದಿರುವುದು, ಫೋಟೋ ಜೊತೆ ಊರಿನ ಹೆಸರು ಹಾಕದಿರುವುದು ನನ್ನ ಪದ್ಧತಿ.

ಪ್ರತಿ ಜಾಗದಲ್ಲೂ ನೋಡಿದ್ದನ್ನು ಎಣಿಸಿ, ಹದಿನೈದು ನಿಮಿಷಕ್ಕೊಂದು ಪಟ್ಟಿ ಮಾಡಿ, ಹಕ್ಕಿ ದಾಖಲಿಸುವ ಜಾಲತಾಣ ಇಬರ್ಡ್‌ಗೆ ಹಾಕಿದೆ. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆ ನಡೆಯುತ್ತದೆ. ಆಗ ಹೋಗುವವರು ಊರಿನ ಕೆರೆಯ ಜೊತೆ ಒಂದು ಅಳಿವೆಯನ್ನೂ ಸೇರಿಸಿಕೊಳ್ಳಿ. ಹಕ್ಕಿಯ ಹೆಸರಿನ ಎದುರು, ಬರೀ ಕಂಡಿತು ಅನ್ನುವುದಕ್ಕೆ, ಎಕ್ಸ್ ಹಾಕುವ ಬದಲು ಅಂದಾಜು ಸಂಖ್ಯೆಯನ್ನಾದರೂ ಬರೆಯಿರಿ. ಕಾಲಿಗೆ ಉಂಗುರವೋ ಬಣ್ಣದ ಪಟ್ಟಿಯೋ ಇದ್ದರೆ ಯಾವ ಕಾಲು, ಯಾವ ಬಣ್ಣ, ಏನು ಬರೆದಿದೆ ಅಂತ ಗುರುತು ಹಾಕಿಕೊಂಡು ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ತಿಳಿಸಿ. ಪಟ್ಟಿಯಲ್ಲಿ ಹೊತ್ತಿನ ಜೊತೆ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಅನ್ನುವುದನ್ನೂ ಬರೆದಿಡಿ. ಮುಂದಿನ ಫೆಬ್ರವರಿಯಲ್ಲಿ ಅದೇ ಕಟ್ಟೆಗೆ ಯಾವ ದಿನ, ಎಷ್ಟು ಗಂಟೆಗೆ ಹೋಗಬೇಕು ಅಂತ ಗೊತ್ತಾಗುವುದು ಅದರಿಂದಲೇ.